ಗುರುವಾರದವರು

ತಪಸ್ಸು ಕಾಲದ ಮೂರನೆಯ ಭಾನುವಾರ ಪೂಜೆ ಮುಗಿದು ಇನ್ನೇನು ಎಲ್ಲರೂ ಏಳಬೇಕು ಅನ್ನುವಾಗ ಗಾಸ್ಪರ್ ಸ್ವಾಮಿಗಳು ಪುಸ್ತಕದ ನಡುವಿನಿಂದ ಒಂದು ಕಾಗದ ತೆಗೆದು ಓದಿದರು. ಮೇತ್ರಾಣಿಗಳ ಸುತ್ತೋಲೆ, ಬಿಷಪ್ಪರದು. ಈ ವರ್ಷದಿಂದ ಯೇಸು ಸ್ವರ್ಗಕ್ಕೆ ಏರಿದ ಸ್ವರ್ಗಾರೋಹಣದ ಹಬ್ಬವನ್ನು ಪಾಸ್ಕದ, ಅಂದರೆ ಈಸ್ಟರಿನ, ನಲವತ್ತನೆಯ ದಿನವಾದ ಗುರುವಾರದ ಬದಲು ಅದರ ಮುಂದಿನ ಭಾನುವಾರ ಆಚರಿಸತಕ್ಕದ್ದು. ಗುರುವಾರ ಕೆಲಸದ ದಿನ, ಜನರಿಗೆ ರಜೆ ಸಿಗುವುದಿಲ್ಲ, ದೇವಾಲಯಗಳು ಖಾಲಿ ಬೀಳುತ್ತಿವೆ, ಬೇರೆ ಎಷ್ಟೋ ಕಡೆ ಆಗಲೇ ಹೀಗೆ ಮಾಡಿದ್ದಾರೆ. ಓದಿ ಕಾಗದ ಮಡಚಿದರು, ಮಡಚಿದ್ದನ್ನು ಇನ್ನೊಮ್ಮೆ ಮಡಚಿದರು, ನಮ್ಮ ಕಡೆ ನೋಡದೆ ಒಳಗೆ ಹೋದರು. ಸುಮಾರು ಹೊತ್ತು ಯಾರೂ ಏಳಲಿಲ್ಲ.

ನಮ್ಮೂರಲ್ಲಿ ಆ ಗುರುವಾರ ದೇವಾಲಯ ಎಂದೂ ಖಾಲಿ ಬಿದ್ದದ್ದಿಲ್ಲ. ಅಂದು ಬೆಳಗಿನ ಆರರ ಗಂಟೆಯಿಂದ ಸಂಜೆ ಆರರ ಗಂಟೆಯವರೆಗೆ, ಎದ್ದು ಓಡಾಡಲಾರದವರೆಲ್ಲ ಹಗುರಾಗುತ್ತಾರೆ. ಲಕ್ವ ಹೊಡೆದವರು, ಸೊಂಟ ಮುರಿದವರು, ವಯಸ್ಸಾಗಿ ಹಾಸಿಗೆ ಹಿಡಿದವರು, ಯಾರೇ ಇರಲಿ, ಸುಲಿದ ತೆಂಗಿನಕಾಯಿಯಷ್ಟು ತೂಗುತ್ತಾರೆ. ಕಾಯಿಲೆ ವಾಸಿಯಾಗುವುದಿಲ್ಲ, ಬಿದ್ದ ಕಾಲು ಏಳುವುದಿಲ್ಲ, ನೋವೂ ಕಡಿಮೆಯಾಗುವುದಿಲ್ಲ. ಭಾರ ಮಾತ್ರ ಹೋಗುತ್ತದೆ. ಗಂಟೆ ಕೇಳಿಸುವಷ್ಟು ದೂರದವರೆಗೆ, ಜಾತಿ ಮತ ನೋಡದೆ, ಎಲ್ಲರಿಗೂ. ನನ್ನ ಚಿಕ್ಕಂದಿನಲ್ಲಿ ಒಬ್ಬ ಮುದುಕಪ್ಪನನ್ನು ಅಂಗಳದಲ್ಲಿ ಕೂರಿಸಿ ಮರೆತುಬಿಟ್ಟಿದ್ದರು. ಗಾಳಿ ಎತ್ತಿಕೊಂಡು ಹೋಗಿ ಹುಣಸೆಮರಕ್ಕೆ ಸಿಕ್ಕಿಸಿತ್ತು. ಅಂದಿನಿಂದ ಮಡಿಲಲ್ಲಿ ಒಂದು ಕಲ್ಲು ಇಡುವುದು ರೂಢಿ.

ಉಳಿದಂತೆ ಅದು ಕೆಲಸದ ಹಬ್ಬ. ವರ್ಷವೆಲ್ಲ ಹೊರಲಾರದವರನ್ನು ಅಂದು ಹೊತ್ತು ತರುತ್ತಿದ್ದೆವು. ಪೂಜೆ ಮುಗಿಸಿ ಕೆರೆಯ ಮೆಟ್ಟಿಲಿಗೆ ಒಯ್ದು, ಬೆನ್ನು ಉಜ್ಜಿ, ತಲೆಗೆ ನೀರು ಹಾಕಿ, ಬಿಸಿಲಿಗೆ ಕೂರಿಸಿ, ಅವರ ಹಾಸಿಗೆಗಳನ್ನು ಒಗೆದು, ಮಂಚದ ತಿಗಣೆ ಕೊಂದು, ಸಂಜೆ ಗಂಟೆಯೊಳಗೆ ಮತ್ತೆ ಮಂಚಕ್ಕೆ ಸೇರಿಸಿದರೆ ಹಬ್ಬ ಮುಗಿಯಿತು.

ನನ್ನ ಗಂಡ ಚೌರಪ್ಪ ನೂಲಿನ ಗಿರಣಿಯಲ್ಲಿ ಹಮಾಲಿಯಾಗಿದ್ದ. ಗಂಡನನ್ನು ಏಕವಚನದಲ್ಲಿ ಕರೆಯುತ್ತೇನೆಂದು ಅತ್ತೆ ಇರುವವರೆಗೂ ಬೈದರು, ಆದರೆ ಒಂದೇ ಓಣಿಯಲ್ಲಿ ಗೋಲಿ ಆಡಿ ಬೆಳೆದವರು ನಾವು, ಬಹುವಚನ ನಾಲಿಗೆಗೆ ಬರಲೇ ಇಲ್ಲ. ಎರಡು ಮೂಟೆಗಳನ್ನು ಒಟ್ಟಿಗೆ ಹೊತ್ತು ಹಲಗೆಯ ಮೇಲೆ ನಡೆದು ಲಾರಿ ಹತ್ತುತ್ತಿದ್ದ ಆಳು. ಒಂದು ದಿನ ಉಗ್ರಾಣದಲ್ಲಿ ಒಟ್ಟಿದ ಸಾಲು ಜಾರಿ ಬೆನ್ನಿನ ಮೇಲೆ ಬಿತ್ತು. ಸೊಂಟದಿಂದ ಕೆಳಗೆ ಸತ್ತುಹೋಯಿತು. ಗಿರಣಿಯವರು ಅವನ ಬದಲು ನನ್ನನ್ನು ತೆಗೆದುಕೊಂಡರು, ನೂಲು ಸುತ್ತುವ ವಿಭಾಗಕ್ಕೆ. ಬೆಳಗ್ಗೆ ಏಳೂವರೆಗೆ ಹೋಗಿ ಐದೂವರೆಗೆ ಬಿಡುವ ಪಾಳಿ. ಮಧ್ಯಾಹ್ನದ ಬಿಡುವಿನಲ್ಲಿ ಓಡಿಬಂದು ಅವನ ಮಗ್ಗುಲು ಬದಲಿಸಿ, ಕೆಳಗಿನದೆಲ್ಲ ಬಳಿದು, ಉಣ್ಣಿಸಿ, ಮತ್ತೆ ಓಡುತ್ತಿದ್ದೆ. ಮಕ್ಕಳಿಲ್ಲ. ಅವನು ಆರಡಿಯ ಮನುಷ್ಯ, ನಾನು ಅವನ ಎದೆಗೆ ಬರುವವಳು. ಒಂದು ಮಗ್ಗುಲಿನಿಂದ ಇನ್ನೊಂದಕ್ಕೆ ಹೊರಳಿಸುವುದೆಂದರೆ ಮಂಚದ ಪಟ್ಟಿಗೆ ಕಾಲು ಕೊಟ್ಟು ಎಳೆಯಬೇಕು. ರಾತ್ರಿ ಎರಡು ಸಲ, ಹಗಲು ಮೂರು ಸಲ, ಎಂಟು ವರ್ಷ. ಆ ಎಂಟು ವರ್ಷವೂ ಸ್ವರ್ಗಾರೋಹಣದ ಗುರುವಾರ ಅವನನ್ನು ನೀರಿನ ಕೊಡದ ಹಾಗೆ ಸೊಂಟದ ಮೇಲೆ ಕೂರಿಸಿಕೊಂಡು, ಒಂದೇ ಕೈಯಲ್ಲಿ ಹಿಡಿದುಕೊಂಡು, ಇನ್ನೊಂದು ಕೈಯಲ್ಲಿ ಬುತ್ತಿ ಹಿಡಿದುಕೊಂಡು ನಡೆದಿದ್ದೇನೆ. ಅವನು ಕಣ್ಣು ಮುಚ್ಚಿಕೊಂಡಿರುತ್ತಿದ್ದ. ಪ್ರಾರ್ಥನೆ ಮಾಡುತ್ತಾನೆಂದುಕೊಂಡು ನಾನೂ ಮಾತಾಡಿಸುತ್ತಿರಲಿಲ್ಲ.

ಸುತ್ತೋಲೆ ಬಂದ ಮೇಲೆ ಊರಲ್ಲಿ ಒಂದೇ ಮಾತು. ಹಬ್ಬ ಭಾನುವಾರಕ್ಕೆ ಹೋದರೆ ಹಗುರವೂ ಭಾನುವಾರಕ್ಕೆ ಹೋಗುತ್ತದೋ ಇಲ್ಲವೋ? ಮೇತ್ರಾಣಿಗಳು ಭೂಮಿಯ ಮೇಲೆ ಕಟ್ಟಿದ್ದು ಪರಲೋಕದಲ್ಲೂ ಕಟ್ಟಲ್ಪಡುತ್ತದೆ, ಬೈಬಲಿನ ಮಾತೇ ಇದೆ ಎಂದು ಕೆಲವರು. ಭಾರಕ್ಕೆ ಓದು ಬರುತ್ತದೆಯೇ ಎಂದು ಕೆಲವರು. ನಾನು ನೇರವಾಗಿ ಗಾಸ್ಪರ್ ಸ್ವಾಮಿಗಳನ್ನೇ ಕೇಳಿದೆ.

"ನಂಗೂ ಗೊತ್ತಿಲ್ಲ ಅಗ್ನೇಸಮ್ಮ," ಅಂದರು. "ನಮ್ಮೂರಿನ ವಿಷಯ ಎರಡು ಸಲ ಬರೆದೆ. ಒಂದೂರಿಗೆ ಒಂದು ಪಂಚಾಂಗ ಮಾಡಕ್ಕಾಗಲ್ಲ ಅಂತ ಉತ್ತರ ಬಂತು. ಅವರು ಹೇಳೋದ್ರಲ್ಲೂ ತಪ್ಪಿಲ್ಲ." ಸ್ವಾಮಿಗಳ ಕಣ್ಣಿನ ಸುತ್ತ ಕಪ್ಪಾಗಿತ್ತು. ಮೂರು ಊರಿಗೆ ಒಬ್ಬರೇ ಗುರು. ಅವರಿಗೂ ಗುರುವಾರ ಒಂದು ಕಡಿಮೆಯಾದರೆ ಅಷ್ಟೇ ಉಸಿರಾಡಲು ಬಿಡುವು.

ನಿಜ ಹೇಳುವುದಾದರೆ ಭಾನುವಾರಕ್ಕೇ ಬರಲಿ ಎಂದು ನಾನೂ ಬೇಡಿಕೊಂಡೆ. ಭಾನುವಾರ ಗಿರಣಿಗೆ ರಜೆ. ಮೊದಲೆಲ್ಲ ಹಬ್ಬಗಳ ಪಟ್ಟಿ ದೇವಾಲಯದಿಂದ ಗಿರಣಿಗೆ ಹೋಗುತ್ತಿತ್ತು, ಪಟ್ಟಿಯಲ್ಲಿದ್ದ ದಿನ ನಮ್ಮವರನ್ನು ಬಿಡುತ್ತಿದ್ದರು. ಈಗ ಪಟ್ಟಿಯಲ್ಲಿ ಗುರುವಾರವೇ ಇಲ್ಲ. ನಮ್ಮ ವಿಭಾಗದ ಮೇಸ್ತ್ರಿ ಜವರಯ್ಯ ಪಟ್ಟಿಯನ್ನು ನನ್ನ ಮುಂದೆ ಹಿಡಿದು, "ನಿಮ್ಮವರೇ ತೆಗ್ದವ್ರೆ, ನಾನೇನ್ ಮಾಡ್ಲಿ?" ಅಂದ.

ಆ ಗುರುವಾರ ಬೆಳಗ್ಗೆ ಆರರ ಗಂಟೆ ಹೊಡೆದಾಗ ನಾನು ಚೌರಪ್ಪನ ಬೆನ್ನ ಕೆಳಗೆ ಕೈ ಹಾಕಿ ಕೂತಿದ್ದೆ. ಕೊನೆಯ ಪೆಟ್ಟು ಬೀಳುತ್ತಿದ್ದಂತೆ ಕೈ ತಾನಾಗಿ ಮೇಲೆ ಬಂತು, ಅವನನ್ನೂ ಎತ್ತಿಕೊಂಡು. ನಾವಿಬ್ಬರೂ ಒಬ್ಬರ ಮುಖ ಒಬ್ಬರು ನೋಡಿಕೊಂಡೆವು. ಹಗುರ ಎಲ್ಲಿಗೂ ಹೋಗಿರಲಿಲ್ಲ.

ಗಿರಣಿಗೆ ಹೋಗಲಿಲ್ಲ. ಹೊತ್ತುಕೊಂಡು ಹೊರಟೆ. ಬೀದಿಯಲ್ಲಿ ನಮ್ಮನ್ನು ಬಿಟ್ಟು ಇಬ್ಬರೋ ಮೂವರೋ. ದೇವಾಲಯಕ್ಕೆ ಬೀಗ, ಸ್ವಾಮಿಗಳು ಪಕ್ಕದೂರಿನಲ್ಲಿದ್ದರು. ಬಾಗಿಲ ಮುಂದೆ ನಿಂತು ಶಿಲುಬೆ ಗುರುತು ಹಾಕಿ ಕೆರೆಗೆ ಹೋದೆ. ಮೆಟ್ಟಿಲ ಮೇಲೆ ಯಾರೂ ಇಲ್ಲ. ಮೊದಲಾದರೆ ಅಲ್ಲಿ ಸೋಪಿನ ನೊರೆ, ನಗು, ಯಾರದೋ ಅಜ್ಜಿ ನೀರು ತಣ್ಣಗಿದೆಯೆಂದು ಕಿರುಚುವುದು. ಇಂದು ನೀರಿನ ಸಪ್ಪಳ ಮಾತ್ರ. ನಾನು ಅವನ ಬೆನ್ನು ಉಜ್ಜಲು ಶುರುಮಾಡಿದೆ.

"ಸಾಕು, ಕೆಳಗಿಳಿಸು," ಅಂದ.

"ಇನ್ನೂ ಸೋಪು ಹಚ್ಚಿಲ್ಲ."

"ಅಗ್ನೇಸು, ಕೆಳಗಿಳಿಸು ಅಂದೆ."

ಇಳಿಸಿದೆ. ಮಡಿಲಲ್ಲಿ ಕಲ್ಲು ಇಟ್ಟೆ. ಅವನು ನೀರಿನ ಕಡೆ ನೋಡಿಕೊಂಡು ಹೇಳಿದ. "ಎಂಟು ವರ್ಷ ಕಣ್ಣು ಮುಚ್ಕೊಂಡು ಬಂದೆ. ನೀನು ಏನಂದ್ಕೊಂಡೆ, ಜಪ ಅಂತಲಾ? ಊರಿನ ಹೆಂಗಸ್ರೆಲ್ಲ ನೋಡ್ತಾ ನಿಲ್ಲೋರು. ಎರಡು ಮೂಟೆ ಹೊರ್ತಿದ್ದ ಚೌರಪ್ಪ ಹೆಂಡ್ತಿ ಸೊಂಟದ ಮೇಲೆ ಕೂತ್ಕೊಂಡು ಬರ್ತಾವ್ನೆ. ಸುತ್ತೋಲೆ ಓದಿದ ದಿನ ನೀನು ಬಂದು ಅಳ್ತಾ ಕೂತೆಯಲ್ಲ, ನಂಗೆ ಒಳಗೊಳಗೇ ಖುಷಿಯಾಯ್ತು. ಇನ್ಮೇಲೆ ಈ ಮೆರವಣಿಗೆ ಇಲ್ಲ ಅಂತ."

ನನಗೆ ಮೈ ಉರಿದುಹೋಯಿತು. ಸೋಪನ್ನು ಕೆರೆಗೆ ಎಸೆದೆ. "ನಂಗೆ ವರ್ಷಕ್ಕೆ ಒಂದೇ ದಿನ ಸೊಂಟ ನೋಯಲ್ಲ," ಅಂದೆ. "ಒಂದೇ ದಿನ. ಅದು ನಂಗೆ ಹಬ್ಬ ಅಲ್ವಾ? ಇವತ್ತು ಕೆಲಸ ಬಿಟ್ಟು ಬಂದಿದೀನಿ, ನಾಳೆ ಆ ಮೇಸ್ತ್ರಿ ಮುಂದೆ ತಲೆ ತಗ್ಗಿಸಿ ನಿಲ್ಲೋಳು ನಾನು."

"ನಾನು ಬಾ ಅಂದಿದ್ನಾ?"

ಹಾಗೆ ಕೇಳಬಾರದಿತ್ತು, ಅದು ಅವನಿಗೂ ಗೊತ್ತಾಯಿತು. ಆದರೆ ಕೇಳಿಯಾಗಿತ್ತು. ಅವನನ್ನು ಮತ್ತೆ ಸೊಂಟಕ್ಕೆ ಏರಿಸಿಕೊಂಡು ಮನೆಗೆ ಬಂದೆ. ದಾರಿಯಲ್ಲಿ ಅವನು ಕಣ್ಣು ತೆರೆದೇ ಇದ್ದ. ಅದು ಇನ್ನೂ ಕೆಟ್ಟದಾಗಿತ್ತು. ಮಧ್ಯಾಹ್ನ ಹನ್ನೆರಡಕ್ಕೇ ಮಂಚದ ಮೇಲೆ ಹಾಕಿದೆ. ಉಳಿದ ಆರು ಗಂಟೆಯ ಹಗುರ ಮಂಚದ ಮೇಲೇ ವ್ಯರ್ಥವಾಗಿ ಕಳೆಯಿತು. ನಾನು ಮೂಲೆಯಲ್ಲಿ ಗೋಡೆಗೆ ಮುಖ ಮಾಡಿ ಮಲಗಿದೆ.

ಮೂರು ದಿನ ಬಿಟ್ಟು ಭಾನುವಾರ ದೊಡ್ಡ ಪೂಜೆ. ಹೊಸ ಬಟ್ಟೆ, ಗಾಯನ, ಧೂಪ. ದೇವಾಲಯ ತುಂಬಿತ್ತು, ಗಿರಣಿಯವರೆಲ್ಲ ಬಂದಿದ್ದರು. ಮೊದಲ ಸಾಲಿನ ಬೆಂಚುಗಳನ್ನು ಅಭ್ಯಾಸಬಲದಿಂದ ರೋಗಿಗಳಿಗೆಂದು ಖಾಲಿ ಬಿಟ್ಟಿದ್ದರು, ಅಲ್ಲಿ ಒಬ್ಬರೂ ಇರಲಿಲ್ಲ. ಅಂದು ಬೆಳಗ್ಗೆ ಎಲ್ಲ ಮನೆಗಳಲ್ಲೂ ಬೆನ್ನ ಕೆಳಗೆ ಕೈ ಹಾಕಿ ನೋಡಿದ್ದರಂತೆ. ಎಲ್ಲ ಕೈಗಳೂ ಅಲ್ಲೇ ಉಳಿದಿದ್ದವು. ಗಾಸ್ಪರ್ ಸ್ವಾಮಿಗಳು ಪ್ರಸಂಗ ಮಾಡುವಾಗ ಆ ಖಾಲಿ ಬೆಂಚುಗಳ ಮೇಲಿನಿಂದ ದೃಷ್ಟಿ ಹಾಯಿಸಿ ನಮ್ಮನ್ನು ನೋಡುತ್ತಿದ್ದರು.

ಆ ವರ್ಷ ನಮ್ಮಿಬ್ಬರ ನಡುವೆ ಮಾತು ಅಷ್ಟಕ್ಕಷ್ಟೇ. ಜಗಳವಲ್ಲ. ಹೊರಳು ಅಂದರೆ ಹೊರಳುವ ಪ್ರಯತ್ನ ಮಾಡುತ್ತಿದ್ದ, ನೀರು ಅಂದರೆ ಕೊಡುತ್ತಿದ್ದೆ. ಅವನ ಮಂಚವನ್ನು ಬೀದಿಯ ಕಿಟಕಿಗೆ ತಾಗಿಸು ಎಂದು ಕೇಳಿದ, ತಾಗಿಸಿದೆ. ಎದುರು ಮನೆಯ ಕಿಟಕಿಯಲ್ಲಿ ಜ್ಞಾನಮ್ಮ ಟೀಚರ್ ಮಲಗಿರುತ್ತಿದ್ದರು. ಮೂವತ್ತು ವರ್ಷ ಕನ್ನಡ ಕಲಿಸಿ, ಕೀಲುಗಳೆಲ್ಲ ಹಿಡಿದುಕೊಂಡು ಆರು ವರ್ಷದಿಂದ ಹಾಸಿಗೆಯಲ್ಲಿದ್ದವರು. ಅವರ ತಮ್ಮನೂ ತಮ್ಮನ ಹೆಂಡತಿಯೂ ಗಿರಣಿ ಕೆಲಸದವರೇ. ನಾನು ಮಧ್ಯಾಹ್ನ ಬರುವಾಗ ಟೀಚರೂ ಚೌರಪ್ಪನೂ ಬೀದಿಯ ಈಚೆಗೂ ಆಚೆಗೂ ಕೂಗಿ ಮಾತಾಡುತ್ತಿದ್ದುದು ಕೇಳಿಸುತ್ತಿತ್ತು, ನನ್ನನ್ನು ಕಂಡರೆ ನಿಲ್ಲುತ್ತಿತ್ತು. ಹೊತ್ತು ಹೋಗಲೆಂದು ಮಾತಾಡುತ್ತಾರೆ, ಆಡಲಿ ಅಂದುಕೊಂಡೆ. ಹೆಚ್ಚಿಗೆ ಯೋಚಿಸುವಷ್ಟು ತ್ರಾಣ ನನ್ನಲ್ಲಿ ಉಳಿದಿರಲಿಲ್ಲ. ಆ ಚಳಿಗಾಲದಲ್ಲೇ ನನ್ನ ಕೆಳಹೊಟ್ಟೆಯಲ್ಲಿ ನಿಂಬೆಹಣ್ಣಿನಷ್ಟು ಗಂಟು ಎದ್ದಿತ್ತು. ಡಾಕ್ಟರು ಒತ್ತಿ ನೋಡಿ, ಭಾರ ಎತ್ತಬಾರದು ಅಂದರು. ಆಯಿತು ಎಂದು ಹೇಳಿ ಮನೆಗೆ ಬಂದು ಚೌರಪ್ಪನ ಮಗ್ಗುಲು ಬದಲಿಸಿದೆ.

ಮುಂದಿನ ವರ್ಷದ ಗುರುವಾರ ಹತ್ತಿರ ಬಂತು. ಹಿಂದಿನ ಸಲ ಬಿಟ್ಟಿದ್ದಕ್ಕೆ ಮೇಸ್ತ್ರಿ ಎಚ್ಚರಿಕೆ ಕೊಟ್ಟಿದ್ದ. ಇನ್ನೊಂದು ಸಲವಾದರೆ ಹೆಸರು ಹೊಡೆದುಹಾಕುತ್ತಾರೆ. ಸಾಲದ್ದಕ್ಕೆ ಅಂದು ದೊಡ್ಡ ಲೋಡು ಹೊರಡುವುದಿದೆ, ಊಟಕ್ಕೂ ಗೇಟು ತೆಗೆಯುವುದಿಲ್ಲ ಎಂದು ಸಾರಿದರು.

"ನಾಳೆ ಮಧ್ಯಾಹ್ನ ಬರಕ್ಕಾಗಲ್ಲ," ಎಂದು ಹೇಳಿದೆ.

"ಬರ್ಬೇಡ," ಅಂದ ಚೌರಪ್ಪ. "ಹಗುರಾಗಿರ್ತೀನಲ್ಲ, ಬೆನ್ನು ಹುಣ್ಣಾಗಲ್ಲ. ಬುತ್ತಿ ಕೈಗೆ ಸಿಗೋ ಹಾಗೆ ಇಟ್ಟು ಹೋಗು. ಬಾಗಿಲು ಸುಮ್ನೆ ಮುಂದೆ ಮಾಡು, ಚಿಲಕ ಹಾಕ್ಬೇಡ."

"ಯಾಕೆ?"

"ಗಾಳಿ ಬರ್ಲಿ."

ಗಾಳಿ ಅಂದದ್ದು ನನ್ನ ತಲೆಯಲ್ಲಿ ಉಳಿಯಿತು. ಗಿರಣಿಯಲ್ಲಿ ಬೆಳಗ್ಗೆಯೆಲ್ಲ ಏನೂ ಅನ್ನಿಸಲಿಲ್ಲ. ಹನ್ನೆರಡರ ಮೇಲೆ ಹೊರಗಿನ ತಗಡಿನ ಚಾವಣಿ ಸದ್ದು ಮಾಡತೊಡಗಿತು. ಮೇ ತಿಂಗಳ ಗಾಳಿ, ಮಳೆ ತರುವ ಮುಂಚಿನದು, ಧೂಳು ಎಬ್ಬಿಸಿಕೊಂಡು ಬರುತ್ತದೆ. ಅವನ ಮಡಿಲಲ್ಲಿ ಕಲ್ಲು ಇಟ್ಟಿದ್ದೆನೋ ಇಲ್ಲವೋ? ಎಷ್ಟು ಯೋಚಿಸಿದರೂ ನೆನಪಾಗಲಿಲ್ಲ. ಎಳೆ ಎರಡು ಸಲ ತುಂಡಾಯಿತು. ನನ್ನ ಆಚೀಚೆ ಕೂತವರ ಕೈಯಲ್ಲೂ ಎಳೆ ತುಂಡಾಗುತ್ತಿತ್ತು. ನಮ್ಮ ಸಾಲಿನ ಏಳು ಹೆಂಗಸರ ಮನೆಗಳಲ್ಲಿ ಒಬ್ಬೊಬ್ಬರು ಮಲಗಿದ್ದರು. ಜವರಯ್ಯನ ಹತ್ತಿರ ಹೋದೆ.

"ಅರ್ಧ ಗಂಟೆ ಬಿಡಿ ಮೇಸ್ತ್ರಿ. ನೋಡಿ ಬಂದ್ಬಿಡ್ತೀನಿ."

ಅವನು ಬಾಗಿಲ ಕಡೆ, ಧೂಳಿನ ಕಡೆ ನೋಡಿದ. "ನಮ್ಮಪ್ಪನೂ ಒಬ್ನೇ ಅವ್ನೆ ಕಣಮ್ಮ," ಅಂದ. "ಸೊಂಟ ಮುರ್ಕೊಂಡು ದೀಪಾವಳಿಯಿಂದ ಬಿದ್ದವ್ನೆ. ಮನೇಲಿ ಯಾರೂ ಇಲ್ಲ. ಗೇಟಿನ ಬೀಗದ ಕೈ ನನ್ ಹತ್ರ ಇದ್ದಿದ್ರೆ ನಾನೇ ಮೊದ್ಲು ಓಡೋನು." ಆಮೇಲೆ ಧ್ವನಿ ಗಟ್ಟಿ ಮಾಡಿ, "ಹೋಗಿ ಕೆಲಸ ನೋಡು," ಅಂದ.

ಐದೂವರೆಯ ಸೀಟಿ ಊದಿದಾಗ ನಾವು ನಡೆಯಲಿಲ್ಲ, ಓಡಿದೆವು. ಹೊಟ್ಟೆಯ ಗಂಟನ್ನು ಒಂದು ಕೈಯಲ್ಲಿ ಅದುಮಿಕೊಂಡು ಓಡಿದೆ. ನಮ್ಮ ಬೀದಿಗೆ ತಿರುಗಿದರೆ ಬಾಗಿಲುಗಳೆಲ್ಲ ತೆರೆದಿದ್ದವು. ನಮ್ಮ ಮನೆಯದೂ. ಮಂಚ ಖಾಲಿ. ಬುತ್ತಿಯೂ ಇಲ್ಲ. ಹೊದಿಕೆ ಹೊಸಿಲ ತನಕ ಎಳೆದುಕೊಂಡು ಹೋಗಿ ಅಲ್ಲಿ ಬಿದ್ದಿತ್ತು. ನಾನು ಕಿಟಕಿಯ ಸರಳು ಹಿಡಿದುಕೊಂಡು ಎದುರು ನೋಡಿದೆ. ಜ್ಞಾನಮ್ಮ ಟೀಚರ ಕಿಟಕಿಯೂ ಖಾಲಿ.

ಹೊರಗೆ ಬಂದು ಮೊದಲು ಮರಗಳನ್ನು ನೋಡಿದೆ. ದೇವರೇ, ಯಾವ ಕೊಂಬೆಯಲ್ಲಿ ಎಂದುಕೊಂಡು ಒಂದೊಂದೇ ಮರ. ಆಮೇಲೆ ಬೀದಿಯ ಧೂಳು ಕಣ್ಣಿಗೆ ಬಿತ್ತು. ಗೋಡೆಯ ಉದ್ದಕ್ಕೂ ಅಂಗೈ ಗುರುತುಗಳು. ದೊಡ್ಡವು, ಚಿಕ್ಕವು, ಬೆರಳು ಸೊಟ್ಟಗಿರುವಂಥವು. ಎಲ್ಲವೂ ಒಂದೇ ದಿಕ್ಕಿಗೆ, ದೇವಾಲಯದ ಕಡೆಗೆ.

ಬೀಗ ಹಾಕಿದ ದೇವಾಲಯದ ಅಂಗಳದಲ್ಲಿ, ಗೋಡೆಯ ಮರೆಗೆ, ಇಪ್ಪತ್ಮೂರು ಜನ ಕೂತಿದ್ದರು. ಒರಗಿ ಕೂತವರು, ಮಲಗಿದವರು, ಮಲಗಿ ಮೊಳಕೈ ಊರಿದವರು. ಪ್ರತಿಯೊಬ್ಬರ ಮಡಿಲಲ್ಲೂ ಕಲ್ಲು. ಜವರಯ್ಯನ ಅಪ್ಪ ಒಂದು ಹೂಕುಂಡವನ್ನೇ ತಬ್ಬಿಕೊಂಡಿದ್ದ. ನಡುವೆ ಬುತ್ತಿಗಳು ಬಿಚ್ಚಿ ಬಿದ್ದಿದ್ದವು. ಯಾರ ಮನೆಯದನ್ನು ಯಾರು ತಿಂದರೋ. ಜ್ಞಾನಮ್ಮ ಟೀಚರ್ ಕಾಲು ಚಾಚಿ ಕೂತು ಏನೋ ಹೇಳುತ್ತಿದ್ದರು, ಎಲ್ಲರೂ ನಗುತ್ತಿದ್ದರು. ನನ್ನನ್ನು ಕಂಡು, "ಬಾ ಅಗ್ನೇಸಮ್ಮ," ಅಂದರು. "ಛಂದಸ್ಸಿನಲ್ಲಿ ಗುರು ಅಂದ್ರೆ ಭಾರದ ಅಕ್ಷರ, ಲಘು ಅಂದ್ರೆ ಹಗುರದ್ದು. ನಮಗೆ ಇವತ್ತು ಗುರುವಾರ ಅಲ್ಲ, ಲಘುವಾರ ಅಂತ ಹೇಳ್ತಿದ್ದೆ. ಈ ಹಮಾಲಿಗಳಿಗೆ ಅರ್ಥ ಮಾಡಿಸೋಕೆ ಅರ್ಧ ಗಂಟೆ ಹಿಡೀತು."

ಆದರೆ ನಾನು ಚೌರಪ್ಪನನ್ನು ಹುಡುಕುತ್ತಿದ್ದೆ. ಅವನು ಗೇಟಿನ ಕಡೆಯಿಂದ ಬರುತ್ತಿದ್ದ. ಕೂತ ಭಂಗಿಯಲ್ಲೇ, ಹಿಂದು ಹಿಂದಕ್ಕೆ, ಎರಡು ಅಂಗೈಗಳನ್ನೂ ನೆಲಕ್ಕೆ ಊರಿ, ಮೈಯನ್ನು ಎತ್ತಿ ಎತ್ತಿ ಇಡುತ್ತ. ಸತ್ತ ಕಾಲುಗಳು ಮುಂದೆ ಎಳೆದುಕೊಂಡು ಬರುತ್ತಿದ್ದವು. ಅವನ ಬೆನ್ನಿಗೆ ಟವೆಲಿನಿಂದ ಕಟ್ಟಿಸಿಕೊಂಡು ಸಿಸಿಲಮ್ಮಜ್ಜಿ ಕೂತಿದ್ದಳು. ಮೂಲೆಮನೆಯವಳು, ತೊಂಬತ್ತರ ಮೇಲಾಗಿತ್ತು, ಕೈಯೂ ಆಡುತ್ತಿರಲಿಲ್ಲ. ಅವನ ಭುಜದ ಮೇಲೆ ಗಲ್ಲ ಊರಿಕೊಂಡು ಹೊರಗಿನದನ್ನೆಲ್ಲ ನೋಡುತ್ತಿದ್ದಳು. ಚೌರಪ್ಪನ ಅಂಗಿ ಬೆವರಿಗೆ ಮೈಗಂಟಿತ್ತು. ಅಂಗೈಗೆ ಸುತ್ತಿದ್ದ ಬಟ್ಟೆ ರಕ್ತದಿಂದ ಕಪ್ಪಾಗಿತ್ತು.

"ಇವಳಿಗೆ ಅಂಗಡಿ ಬೀದಿ ನೋಡ್ಬೇಕಿತ್ತಂತೆ," ಅಂದ. "ಗಾಳಿ ತಗ್ಗಿದ ಮೇಲೆ ಕರ್ಕೊಂಡ್ ಹೋಗಿದ್ದೆ."

ಟೀಚರ್ ಹೇಳಿದರು. ವರ್ಷವೆಲ್ಲ ಕಿಟಕಿಯಿಂದ ಕಿಟಕಿಗೆ ಕೂಗಿ ಮಾಡಿಕೊಂಡ ಏರ್ಪಾಡು. ಕೈ ಆಡುವವರು ಗೋಡೆ ಹಿಡಿದುಕೊಂಡು ತಾವೇ ಬಂದರು. ಆಡದವರು ಒಂಬತ್ತು ಜನ. ಆ ಒಂಬತ್ತೂ ಜನರನ್ನು ಚೌರಪ್ಪ ಒಬ್ಬೊಬ್ಬರಾಗಿ ಹೊತ್ತು ತಂದ. ಬೆಳಗ್ಗೆ ಎಂಟರಿಂದ ಹನ್ನೆರಡರವರೆಗೆ. ಗಾಳಿ ಎದ್ದಾಗ ಒಬ್ಬರ ಸೆರಗನ್ನು ಒಬ್ಬರಿಗೆ ಗಂಟು ಹಾಕಿಕೊಂಡು, ಸಾಲಾಗಿ ಗೋಡೆಗೆ ಅಂಟಿಕೊಂಡು ಕೂತರಂತೆ. ಟೀಚರ್ ಬಾಯಿಪಾಠದಿಂದ ಸುವಾರ್ತೆ ಹೇಳಿದರಂತೆ.

ಅಷ್ಟರಲ್ಲಿ ಅಂಗಳ ತುಂಬುತ್ತಿತ್ತು. ಗಿರಣಿಯಿಂದ ಓಡಿಬಂದವರು ಅಳುತ್ತ, ಬೈಯುತ್ತ, ತಮ್ಮ ತಮ್ಮವರನ್ನು ಹುಡುಕುತ್ತಿದ್ದರು. ಜವರಯ್ಯ ಅಪ್ಪನ ಎದುರು ಮಂಡಿಯೂರಿ ಹೂಕುಂಡವನ್ನು ಬಿಡಿಸಿಕೊಳ್ಳಲು ನೋಡುತ್ತಿದ್ದ, ಮುದುಕ ಕೊಡುತ್ತಿರಲಿಲ್ಲ. ಗಂಟೆ ಹೊಡೆಯುವ ಇನ್ನಾಸಪ್ಪ ಗೋಪುರದ ಕಂಡಿಯಿಂದ ತಲೆ ಹೊರಹಾಕಿ ಕೂಗಿದ. "ಇನ್ನು ಹತ್ತೇ ನಿಮಿಷ! ಎತ್ಕೊಂಡ್ ಹೋಗ್ರಪ್ಪಾ, ಎತ್ಕೊಂಡ್ ಹೋಗಿ!"

ಕೆಲವರು ಎತ್ತಿಕೊಂಡು ಓಡಿದರು. ಅದೇ ಸರಿ. ಹತ್ತು ನಿಮಿಷದಲ್ಲಿ ಮನೆ ಸೇರಬಹುದು. ಗಂಟೆ ಬಿದ್ದ ಮೇಲೆ ಚೌರಪ್ಪನಂಥವನನ್ನು ಒಯ್ಯಬೇಕೆಂದರೆ ನಾಲ್ಕು ಜನ ಬೇಕು, ಮಂಚ ಬೇಕು, ಎಲ್ಲರೂ ಹತ್ತು ಗಂಟೆ ದುಡಿದು ಬಂದವರು, ಯಾರನ್ನು ಕೇಳುವುದು? ಮನೆಗೆ ಹೋಗಿ ನೀರು ಕಾಯಿಸಬೇಕು, ಅವನ ಕೈಗೆ ಔಷಧಿ ಹಚ್ಚಬೇಕು, ಅನ್ನ ಆಗಬೇಕು. ಸಿಸಿಲಮ್ಮಜ್ಜಿಯನ್ನು ಬಿಚ್ಚಿ ಗೋಡೆಗೆ ಒರಗಿಸಿ, ಬಗ್ಗಿ ಚೌರಪ್ಪನ ಕಂಕುಳಿಗೆ ಕೈ ಹಾಕಿದೆ. ಬರೀ ಗಾಳಿಯಂತಿದ್ದ. ಒಂದು ಸಲ ಎಳೆದರೆ ಸೊಂಟಕ್ಕೆ ಬರುತ್ತಿದ್ದ.

ಅವನು ಬೇಡ ಅನ್ನಲಿಲ್ಲ. ಅವನು ಸುತ್ತ ಕೂತವರನ್ನು, ಅವನು ತಂದ ಒಂಬತ್ತು ಜನರನ್ನು, ಒಬ್ಬೊಬ್ಬರಾಗಿ ನೋಡಿದ. ಆಮೇಲೆ ನನ್ನ ಮುಖ ನೋಡಿದ. ಆಮೇಲೆ ಕಣ್ಣು ಮುಚ್ಚಿಕೊಳ್ಳಲು ತಯಾರಾದ.

ಕೈ ಬಿಟ್ಟುಬಿಟ್ಟೆ. ಹೆಚ್ಚೇನೂ ಯೋಚಿಸಲಿಲ್ಲ. ಅವನ ಪಕ್ಕದಲ್ಲಿ ನೆಲದ ಮೇಲೆ ಕೂತುಬಿಟ್ಟೆ.

"ಏನೇ?" ಅಂದ.

"ಗಂಟೆ ಬೀಳ್ಲಿ ಬಿಡು. ಆಮೇಲೆ ನೋಡೋಣ."

"ನಾನು ಎಪ್ಪತ್ತೈದು ಕೇಜಿ ಇದೀನಿ ಕಣೇ."

"ನಂಗೊತ್ತಿಲ್ವಾ?"

ಟೀಚರ ತಮ್ಮನ ಹೆಂಡತಿ ಎತ್ತಲು ಬಗ್ಗಿದ್ದವಳು ನನ್ನನ್ನು ನೋಡಿ ನಿಂತಳು, ಅವಳೂ ಉಸ್ಸೆಂದು ಕೂತಳು. ಜವರಯ್ಯ ಹೂಕುಂಡ ಬಿಟ್ಟು ಅಪ್ಪನ ಪಕ್ಕ ಕಾಲು ಚಾಚಿದ. ಇನ್ನಾಸಪ್ಪ ಮೇಲಿನಿಂದ ನೋಡುತ್ತಿದ್ದ. ಸ್ವಲ್ಪ ತಡ ಮಾಡಲೇ ಎಂದು ಕೇಳಿದ. ಚೌರಪ್ಪ ಬೇಡ ಎಂದು ತಲೆಯಾಡಿಸಿದ. ಸರಿಯಾಗಿ ಆರಕ್ಕೆ ಹೊಡೆದ.

ಕೊನೆಯ ಪೆಟ್ಟಿಗೆ ಅಂಗಳದ ಜಲ್ಲಿಯೆಲ್ಲ ಒಮ್ಮೆಲೇ ಕರಕರ ಅಂದಿತು. ಕೂತವರೆಲ್ಲ ನೆಲಕ್ಕೆ ಇಳಿದರು. ಚೌರಪ್ಪನ ಭುಜ ನನ್ನ ಭುಜಕ್ಕೆ ಬಂದು ಒರಗಿತು. ಯಾರೋ ಒಬ್ಬರು ಅಮ್ಮಾ ಅಂದರು. ಜವರಯ್ಯ ಎದ್ದು, ಗಿರಣಿಯಿಂದ ಮೂಟೆ ಸಾಗಿಸುವ ತಳ್ಳುಗಾಡಿ ತರುತ್ತೇನೆಂದು ಹೋದ. ಒಂದೇ ಗಾಡಿ, ಉಳಿದವರು ಹದಿನೈದು ಜನ. ಸರದಿ ಬರುವ ತನಕ ಕಾಯಬೇಕು.

ಬೆಳಕು ಇನ್ನೂ ಇತ್ತು. ಧೂಳಿನ ಗಾಳಿ ನಿಂತು ತಂಪಾಗಿತ್ತು. ಚೌರಪ್ಪ ಮಾತಾಡತೊಡಗಿದ. ಒಂಬತ್ತು ವರ್ಷ ಹೊರಗಿನ ಸುದ್ದಿಯನ್ನೆಲ್ಲ ನಾನೇ ತಂದು ಅವನಿಗೆ ಹೇಳುತ್ತಿದ್ದೆ, ಅವನು ಹೂಂಗುಟ್ಟುತ್ತಿದ್ದ. ಇಂದು ಅವನ ಹತ್ತಿರ ಸುದ್ದಿಯಿತ್ತು. ಅಂಗಡಿ ಬೀದಿಯಲ್ಲಿ ಎರಡು ಹೊಸ ಅಂಗಡಿ ಆಗಿವೆಯಂತೆ. ಹಳೆಯ ಸೈಕಲ್ ಶಾಪಿನವನು ಇವನನ್ನು ಗುರುತು ಹಿಡಿದು, ನೆಲದ ಮೇಲೇ ಪಕ್ಕದಲ್ಲಿ ಕೂತು, ಮೂಟೆ ಹೊರುವ ಕಾಲದ ಮಾತೆಲ್ಲ ಆಡಿದನಂತೆ. ಸಿಸಿಲಮ್ಮಜ್ಜಿಗೆ ಬಳೆ ಅಂಗಡಿಯ ಮುಂದೆ ನಿಲ್ಲಿಸು ಎಂದು ಹಟವಂತೆ, ನಿಲ್ಲಿಸಿದರೆ ಬಣ್ಣ ಸರಿಯಿಲ್ಲ ಅಂದಳಂತೆ. "ಆಮೇಲೆ ಕೇಳು," ಅಂದ, "ಮೂರನೇ ಸಲ ಬರುವಾಗ ಟೀಚರ್ ಮನೆ ತಿರುವಿನಲ್ಲಿ ಒಂದು ನಾಯಿ..." ನಾಯಿ ಏನು ಮಾಡಿತೋ ನನಗೆ ಗೊತ್ತಿಲ್ಲ. ನನ್ನ ತಲೆ ಅವನ ಭುಜದ ಮೇಲೆ ವಾಲಿದ್ದು ನೆನಪಿದೆ, ಅವನು ಮೈಯನ್ನು ಸ್ವಲ್ಪ ಸರಿಮಾಡಿಕೊಂಡದ್ದು ನೆನಪಿದೆ.

ಮರುದಿನ ಬೆಳಗ್ಗೆ ಜ್ಞಾನಮ್ಮ ಟೀಚರ್ ಎದುರಿನ ಕಿಟಕಿಯಿಂದ ಕೂಗಿ ಹೇಳಿದರು. ತಳ್ಳುಗಾಡಿ ನಮ್ಮ ಹತ್ತಿರ ಮೂರು ಸಲ ಬಂದಿತ್ತಂತೆ. ಮೂರು ಸಲವೂ ಚೌರಪ್ಪ ತುಟಿಯ ಮೇಲೆ ಬೆರಳಿಟ್ಟುಕೊಂಡು, ಇನ್ನೊಬ್ಬರ ಕಡೆ ಕೈ ತೋರಿಸಿ ಕಳಿಸಿದನಂತೆ.